ರಸ, ಸಿನಿಮಾ ಮತ್ತು ನಮ್ಮ ಮಕ್ಕಳು



ಭರತನ ನಾಟ್ಯಶಾಸ್ತ್ರ ರಂಗಭೂಮಿಗಾಗಿ ಹುಟ್ಟಿದ್ದು. ಕ್ಯಾಮೆರಾ ಬಂದಮೇಲೆ ಅದರ ಕೆಲಸ ಮುಗಿಯಿತೆ? ಇಲ್ಲವೆಂಬುದಕ್ಕೆ ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ಚಿತ್ರವೇ ಸಾಕ್ಷಿ. ಕಥೆ ಯು. ಆರ್. ಅನಂತಮೂರ್ತಿಯವರದು.

ವಿಧವೆ ಯಮುನಕ್ಕ ಗರ್ಭಿಣಿಯಾಗಿ ಬಹಿಷ್ಕಾರಕ್ಕೆ ಗುರಿಯಾಗುವುದು ವಿಭಾವ, ಅಂದರೆ ಕಾರಣ. ಅವಳ ಮುಖದಲ್ಲಿ, ನಡಿಗೆಯಲ್ಲಿ ಕಾಣುವುದು ಅನುಭಾವ. ನಡುನಡುವೆ ಸುಳಿಯುವ ಶಂಕೆ, ಲಜ್ಜೆ, ಚಿಂತೆಗಳು ಸಂಚಾರಿ ಭಾವಗಳು. ಇವೆಲ್ಲ ಕೂಡಿದಾಗ ಶೋಕವು ಕರುಣರಸವಾಗುತ್ತದೆ. ಬಾಲಕ ನಾಣಿಯ ಕಣ್ಣಿನಿಂದ ನಮಗೆ ತೋರಿಸಿ, ನಟರ ಅರ್ಧ ಭಾರವನ್ನು ಕ್ಯಾಮೆರಾ ಹೊರುತ್ತದೆ.

ಇಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಮುಖದ ನೋವು ಸಬ್‌ಟೈಟಲ್ ಇಲ್ಲದೆಯೂ ತಿಳಿದೀತು. ಆದರೆ ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡುವುದೆಂದರೇನು? ವಿಭಾವ ತಿಳಿಯದವರಿಗೆ ರಸ ಅರ್ಧವೇ ದಕ್ಕುತ್ತದೆ. ಸಹೃದಯತೆ ಅಭ್ಯಾಸದಿಂದ ಬರುವಂಥದೆಂದು ಅಭಿನವಗುಪ್ತನ ಮತ.

ಆದ್ದರಿಂದ ಇಂಥ ಚಿತ್ರ ತೋರಿಸುವ ಮುನ್ನ ಮಕ್ಕಳೊಡನೆ ಹತ್ತು ನಿಮಿಷ ಕುಳಿತು ಮಾತಾಡಿ. "ಅಪ್ಪನೇ ಹೀಗೆ ಮಾಡಬಹುದೆ?" ಎಂದು ಅವರು ಕೇಳಿಯಾರು. ಸಂಪ್ರದಾಯದ ಹೆಸರು ಹೇಳಿ ಬಾಯಿ ಮುಚ್ಚಿಸಬೇಡಿ. ಆ ಪ್ರಶ್ನೆ ಹುಟ್ಟಿತೆಂದರೆ ಕರುಣರಸ ಅವರನ್ನು ಮುಟ್ಟಿತೆಂದೇ ಅರ್ಥ.