ಶರತ್ಕಾಲದ ಹಿತ್ತಲು

ಜಮಖಂಡಿ, ಮುಧೋಳ, ಬೀಳಗಿಗಳ ಸೀಮೆಯಲ್ಲಿ ಶರದೃತುವೆಂದರೆ ಹಿತ್ತಲು ತುಂಬುವ ಕಾಲ. ಬೇಲಿಯ ಮೇಲೆ ಹೀರೆ, ಅವರೆ; ಮಾಳಿಗೆಯ ಮೇಲೆ ಕುಂಬಳ. ಕಾಯಿಗೆ ಅಳಿಲೂ ಕಾಳಿಗೆ ಗುಬ್ಬಿಯೂ ಇಲಿಯನ್ನರಸಿ ಮುಂಗುಸಿಯೂ ಕರೆಯದೆಯೇ ಬರುವುವು. ಶೀಗಿ ಹುಣ್ಣಿಮೆಯಂದು ಒಕ್ಕಲುಮಕ್ಕಳು ಹೊಲದಲ್ಲಿ ಚರಗ ಚೆಲ್ಲುವರು. ಭೂತಾಯಿಗೆ ಸಲ್ಲಿದ ಆ ಎಡೆ ಹಕ್ಕಿ, ಇರುವೆಗಳಿಗೂ ಊಟವಾಗುವುದು. ಬೆಳೆದುದರಲ್ಲಿ ಪ್ರತಿ ಜೀವಿಗೂ ಪಾಲುಂಟೆಂಬುದೇ ಇದರ ಅರ್ಥವೆಂದು ನಾವು ತಿಳಿಯುತ್ತೇವೆ.

ಈ ಮನೆಗಳ ಬಾಗಿಲಲ್ಲಿ ಮಲಗುವ ನೀಳಕಾಲಿನ ಮುಧೋಳದ ನಾಯಿಗೆ ಯಾವ ಪಾಲು? ಘೋರ್ಪಡೆ ಅರಸರು ಪೋಷಿಸಿದ ಈ ಬೇಟೆಯ ತಳಿ 2005ರಲ್ಲಿ ಅಂಚೆ ಚೀಟಿಯಲ್ಲಿಯೂ ಮೂಡಿತು. ಮೊಲದ ಬೇಟೆ ಈಗ ಕಾನೂನಿಗೆ ವಿರುದ್ಧ. ಕೊಂಡೊಯ್ದ ಪಟ್ಟಣಿಗರು ಅದನ್ನು ಇಕ್ಕಟ್ಟಾದ ಅಂಗಳದಲ್ಲಿ ಕಟ್ಟಿಹಾಕುವರು. ರೊಟ್ಟಿಯೊಡನೆ ದಿನವೂ ಓಡಲು ಒಂದಿಷ್ಟು ಬಯಲನ್ನು ಕೊಟ್ಟರೆ ಮಾತ್ರ ಅದರ ಪಾಲು ಅದಕ್ಕೆ ಸಂದಂತೆ.