ಗಂಟು ಕಳೆದುಹೋದರೆ

(ಹೆಡತಲೆಯ ಕಲಿಕೆದಾರರ ಮುಂದೆ ಆಡಿದ ಮಾತು)



ಹಗಲೆಲ್ಲ ದುಡಿದು, ಮನೆಯಲ್ಲಿ ಒಲೆ ಹಚ್ಚಿ, ದನಕ್ಕೆ ಹುಲ್ಲು ಹಾಕಿ ಬಂದಿದ್ದೀರಿ. ಬಹಳ ಹೊತ್ತು ಕೂರಿಸೋದಿಲ್ಲ. ಇವತ್ತು ಮೂರೇ ಮಾತು. ಊರು ಬಿಟ್ಟು ಹೊರಟಾಗ ನಮ್ಮ ಸಾಮಾನು ಕಳೆಯದ ಹಾಗೆ ಏನು ಮಾಡಬೇಕು? ಕಳೆದೇಹೋದರೆ ಏನು ಮಾಡಬೇಕು? ಇನ್ನೊಬ್ಬರದು ನಮ್ಮ ಕೈಗೆ ಸಿಕ್ಕರೆ ಏನು ಮಾಡಬೇಕು?

ನಾವು ಎಲ್ಲೆಲ್ಲಿ ಹೋಗ್ತೀವಿ? ಸಂತೆಗೆ, ಆಸ್ಪತ್ರೆಗೆ, ಬ್ಯಾಂಕಿಗೆ ಅಂತ ನಂಜನಗೂಡಿಗೆ ಹೋಗ್ತೀವಿ. ಶ್ರೀಕಂಠೇಶ್ವರನ ದೊಡ್ಡ ಜಾತ್ರೆಗೆ ಹೋಗ್ತೀವಿ. ಅಲ್ಲಿ ಐದು ತೇರು ಎಳೀತಾರೆ. ಸುತ್ತೂರು ಜಾತ್ರೆಗೆ ಹೋಗ್ತೀವಿ. ಮಾದಪ್ಪನ ಬೆಟ್ಟಕ್ಕೆ ಹೋಗ್ತೀವಿ. ತಿ. ನರಸೀಪುರದಲ್ಲಿ 1989ರಿಂದ ಕುಂಭಮೇಳ ನಡೆದುಕೊಂಡು ಬಂದಿದೆ. 2025ರ ಫೆಬ್ರವರಿಯಲ್ಲೂ ನಡೆಯಿತು. ಕಾವೇರಿ, ಕಪಿಲೆ ಸೇರುವ ಜಾಗ ಅದು. ಜನವೋ ಜನ.

ಜನ ಸೇರಿದ ಕಡೆ ಸಾಮಾನು ಕಳೆಯೋದು ಹೆಚ್ಚು. ತೇರಿನ ಕಡೆ ಕಣ್ಣು ಇರುತ್ತೆ. ಚೀಲದ ಕಡೆ ಕಣ್ಣು ಇರೋದಿಲ್ಲ. ಹೊಳೆಯಲ್ಲಿ ಮುಳುಗು ಹಾಕುವಾಗ ಸೀರೆ, ದುಡ್ಡು, ಫೋನು ಎಲ್ಲ ಮೆಟ್ಟಿಲ ಮೇಲೆ. ಬಸ್ಸು ಬಂದ ಕೂಡಲೇ ಜಾಗ ಹಿಡಿಯೋಕೆ ಕಿಟಕಿಯಿಂದ ಚೀಲ ಎಸೀತೀವಿ. ನಾವು ಹತ್ತುವ ಮುಂಚೆ ಬಸ್ಸು ತುಂಬಿಹೋಗುತ್ತೆ. ಆಮೇಲೆ ಚೀಲ ಒಂದು ಕಡೆ, ನಾವು ಒಂದು ಕಡೆ.

ಇನ್ನೊಂದು ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಆದರೆ ಗುರುತಿನ ಚೀಟಿ ತೋರಿಸಬೇಕು. ಹಾಗಾಗಿ ಆಧಾರ್ ಕಾರ್ಡು ಕೈಯಲ್ಲೇ ಇರುತ್ತೆ. ಪೆಟ್ಟಿಗೆಯಲ್ಲಿದ್ದ ಕಾರ್ಡು ಈಗ ದಿನಾ ಬೀದಿಗೆ ಬಂದಿದೆ. ತೋರಿಸಿದ ಮೇಲೆ ಮಡಿಲಲ್ಲಿ ಇಟ್ಟುಕೊಳ್ತೀವಿ. ಎದ್ದಾಗ ಅದು ಕೆಳಗೆ ಬೀಳುತ್ತೆ.

ಮೊದಲ ಮಾತು: ಕಳೆಯದ ಹಾಗೆ ನೋಡಿಕೊಳ್ಳೋದು

ನಮ್ಮೂರ ಹದಿನಾರು ಮುಖದ ಚಾವಡಿ ನಿಮಗೆಲ್ಲ ಗೊತ್ತು. ಹದಿನಾರು ಅಳಿಯಂದಿರಿಗೆ ಒಬ್ಬೊಬ್ಬರಿಗೆ ಒಂದೊಂದು ಜಾಗ ಅಂತ ಕಟ್ಟಿಸಿದ್ದು ಎಂದು ಹಿರಿಯರು ಕಥೆ ಹೇಳುತ್ತಾರೆ. ಯಾರ ಜಾಗ ಯಾವುದು ಅಂತ ಗೊತ್ತಿದ್ದರೆ ಗೊಂದಲ ಇಲ್ಲ. ಸಾಮಾನಿಗೂ ಹಾಗೇ. ದುಡ್ಡಿಗೆ ಒಂದು ಜಾಗ. ಕಾರ್ಡಿಗೆ ಒಂದು ಜಾಗ. ಫೋನಿಗೆ ಒಂದು ಜಾಗ. ದಿನಾ ಅದೇ ಜಾಗ. ಆಗ ಮುಟ್ಟಿ ನೋಡಿದರೆ ಸಾಕು, ಇದೆಯೋ ಇಲ್ಲವೋ ತಿಳಿಯುತ್ತೆ.

ಎಲ್ಲ ದುಡ್ಡನ್ನೂ ಒಂದೇ ಕಡೆ ಇಡಬೇಡಿ. ನಮ್ಮ ಅಜ್ಜಿಯರು ಎಲೆಅಡಿಕೆ ಸಂಚಿಯಲ್ಲಿ ಸ್ವಲ್ಪ, ಸೆರಗಿನ ಗಂಟಿನಲ್ಲಿ ಸ್ವಲ್ಪ ಇಡುತ್ತಿದ್ದರು. ಅದು ಒಳ್ಳೆ ಬುದ್ಧಿ. ಒಂದು ಹೋದರೂ ಊರಿಗೆ ಬರೋಕೆ ಇನ್ನೊಂದು ಇರುತ್ತೆ.

ಚೀಲದ ಒಳಗೆ ಒಂದು ಚೀಟಿ ಇಡಿ. ಅದರಲ್ಲಿ ನಿಮ್ಮ ಹೆಸರು, ಊರು, ಮನೆಯವರ ಫೋನ್ ನಂಬರು ಬರೆಯಿರಿ. ಈಗ ನಿಮಗೆ ಬರೆಯೋಕೆ ಬರುತ್ತೆ. ಚೀಲ ಸಿಕ್ಕವರು ಒಳ್ಳೆಯವರಾಗಿದ್ದರೂ ಯಾರದು ಅಂತ ತಿಳಿಯದೆ ಇದ್ದರೆ ಏನು ಮಾಡ್ತಾರೆ? ಜಾತ್ರೆಗೆ ಹೋಗುವಾಗ ಸಣ್ಣ ಮಕ್ಕಳ ಜೇಬಿನಲ್ಲೂ ಫೋನ್ ನಂಬರಿನ ಚೀಟಿ ಇಡಿ.

ಒಂದನ್ನು ಮಾತ್ರ ಬರೆದು ಇಡಬೇಡಿ. ಎ.ಟಿ.ಎಂ. ಕಾರ್ಡಿನ ಗುಟ್ಟಿನ ನಂಬರನ್ನು ಕಾರ್ಡಿನ ಮೇಲೆ ಬರೆಯಬೇಡಿ. ಅದರ ಜೊತೆಗೆ ಚೀಟಿಯಲ್ಲೂ ಇಡಬೇಡಿ. ಹಾಗೆ ಇಟ್ಟರೆ ಬೀಗದ ಜೊತೆಗೆ ಬೀಗದ ಕೈಯನ್ನೂ ಕೊಟ್ಟಂತೆ.

ಮನೆಯಲ್ಲಿ ಒಂದು ಪುಸ್ತಕ ಇರಲಿ. ಅದರಲ್ಲಿ ಆಧಾರ್‌ನ 12 ಅಂಕಿ, ರೇಷನ್ ಕಾರ್ಡಿನ ನಂಬರು, ಬ್ಯಾಂಕ್ ಖಾತೆಯ ನಂಬರು ಬರೆದಿಡಿ. ಫೋನಿಗೂ ಒಂದು ನಂಬರು ಇದೆ. ಫೋನಿನಲ್ಲಿ ನಕ್ಷತ್ರದ ಗುರುತು, ಹ್ಯಾಷ್ ಗುರುತು, 06, ಮತ್ತೆ ಹ್ಯಾಷ್ ಗುರುತು ಒತ್ತಿ. 15 ಅಂಕಿ ಬರುತ್ತೆ. ಅದಕ್ಕೆ ಐ.ಎಂ.ಇ.ಐ. ಅಂತಾರೆ. ಎರಡು ಸಿಮ್ ಹಾಕುವ ಫೋನಿನಲ್ಲಿ ಅಂಥ ನಂಬರು ಎರಡು ಇರುತ್ತೆ. ಎತ್ತಿಗೆ ಕಿವಿಯ ಗುರುತು ಇದ್ದ ಹಾಗೆ ಫೋನಿಗೆ ಅದು ಗುರುತು. ಅದನ್ನೂ ಬರೆದಿಡಿ. ಆ ಪುಸ್ತಕ ಮನೆಯಲ್ಲೇ ಇರಲಿ. ಚೀಲದಲ್ಲಿ ಬೇಡ.

ಎರಡನೆಯ ಮಾತು: ಕಳೆದುಹೋದರೆ

ಒಬ್ಬ ತಾಯಿ ಇದ್ದಾಳೆ ಅಂತ ಇಟ್ಟುಕೊಳ್ಳಿ. ಸಂಘದ ಕಂತು ಕಟ್ಟೋಕೆ 2,000 ರೂಪಾಯಿ ತಗೊಂಡು ನಂಜನಗೂಡಿಗೆ ಹೊರಟಳು. ಬಸ್ಸು ಇಳಿದು ನೋಡಿದರೆ ಚೀಲ ಇಲ್ಲ. ದುಡ್ಡು, ಆಧಾರ್, ಪಾಸ್‌ಬುಕ್ ಎಲ್ಲ ಅದರಲ್ಲೇ ಇತ್ತು. ಆಕೆ ನೆಲದ ಮೇಲೆ ಕುಸಿದಳು. ಅಳುತ್ತಾ ಊರಿಗೆ ಬಂದಳು.

ಮನೆಯಲ್ಲಿ ಗಂಡ ಬೈದ. ಕೇರಿಯವರು ಕೇಳಿದರು, "ಪಕ್ಕದಲ್ಲಿ ಯಾರು ಕೂತಿದ್ದರು?" ಆಕೆ ನೆನಪು ಮಾಡಿಕೊಂಡು ಹೇಳಿದಳು, "ನಮ್ಮೂರ ಕೂಲಿ ಹುಡುಗ ಕೂತಿದ್ದ." ಅಷ್ಟೇ. ಸಂಜೆ ಹೊತ್ತಿಗೆ ಆ ಹುಡುಗ ಕಳ್ಳ ಆಗಿಹೋದ. ಒಬ್ಬರು ಶಾಸ್ತ್ರ ಕೇಳಿ ಬಂದರು. "ಕದ್ದವರು ತೆಂಕಣ ದಿಕ್ಕಿನಲ್ಲಿ ಇದ್ದಾರೆ" ಅಂತ ಶಾಸ್ತ್ರದವರು ಅಂದರಂತೆ. ಹುಡುಗನ ಮನೆ ಇದ್ದದ್ದೂ ತೆಂಕಣಕ್ಕೇ!

ಯೋಚನೆ ಮಾಡಿ. ಊರಿನಲ್ಲಿ ಇರೋದೇ ನಾಲ್ಕು ದಿಕ್ಕು. ಯಾವ ದಿಕ್ಕು ಹೇಳಿದರೂ ಅಲ್ಲಿ ಒಂದು ಮನೆ ಇದ್ದೇ ಇರುತ್ತೆ. ಆ ಮನೆ ಬಡವರದ್ದಾಗಿದ್ದರೆ ಅನುಮಾನ ಬೇಗ ಅಂಟಿಕೊಳ್ಳುತ್ತೆ. ದುಡ್ಡು ಹೋದರೆ ಮತ್ತೆ ದುಡಿಯಬಹುದು. ಆ ಹುಡುಗನ ಮರ್ಯಾದೆ ಹೋದರೆ ಯಾರು ತಂದುಕೊಡ್ತಾರೆ? ಮರುದಿನ ಚೀಲ ಬಸ್ಸಿನ ಸೀಟಿನ ಕೆಳಗೇ ಸಿಕ್ಕಿತು ಅಂದರೆ, ಆ ಹುಡುಗನ ಮುಖ ನೋಡೋದು ಹೇಗೆ?

ಆಕೆ ಮಾಡಬೇಕಾಗಿದ್ದ ಕೆಲಸ ಬೇರೆ ಇತ್ತು. ಅದು ಏನು ಅಂತ ಹೇಳ್ತೀನಿ.

ಒಂದು, ಅಲ್ಲೇ ನಿಲ್ಲಬೇಕು. ಊರಿಗೆ ಬರಬಾರದು. ನಿಲ್ದಾಣದಲ್ಲಿ ಸಂಚಾರ ನಿಯಂತ್ರಕರು ಇರುತ್ತಾರೆ. ಅವರ ಹತ್ತಿರ ಕೂಡಲೇ ಹೋಗಬೇಕು. ಬಸ್ಸು ಇನ್ನೂ ನಿಲ್ದಾಣದಲ್ಲೇ ಇರಬಹುದು. ಹೊರಟಿದ್ದರೂ ಮುಂದಿನ ಊರಿಗೆ ಫೋನಿನಲ್ಲಿ ಸುದ್ದಿ ತಿಳಿಸಬಹುದು.

ಎರಡು, ಟಿಕೆಟ್ ತೋರಿಸಬೇಕು. ಹೆಂಗಸರಿಗೆ ಕೊಡೋದು ಶೂನ್ಯ ಟಿಕೆಟ್. "ದುಡ್ಡಿಲ್ಲದ ಟಿಕೆಟ್ಟು ತಾನೇ" ಅಂತ ಹರಿದು ಬಿಸಾಡಬೇಡಿ. ಅದರಲ್ಲಿ ತಾರೀಖು, ಹೊತ್ತು, ಹತ್ತಿದ ಊರು, ಇಳಿಯುವ ಊರು ಇರುತ್ತೆ. ನೀವು ಯಾವ ಬಸ್ಸಿನಲ್ಲಿ ಬಂದಿರಿ ಅನ್ನೋದಕ್ಕೆ ಅದೇ ಸಾಕ್ಷಿ.

ಮೂರು, ಬಸ್ಸಿನ ನಂಬರು. ಮೈಸೂರಿನ ಸರ್ಕಾರಿ ಬಸ್ಸಿನ ಮೇಲೆ ಕೆ.ಎ. 09 ಎಫ್ ಅಂತ ಇದ್ದು, ಆಮೇಲೆ ಅಂಕಿಗಳು ಇರುತ್ತವೆ. ಹತ್ತುವಾಗ ಕೊನೆಯ ನಾಲ್ಕು ಅಂಕಿ ಓದಿಕೊಳ್ಳಿ. ಈಗ ನಿಮಗೆ ಓದೋಕೆ ಬರುತ್ತೆ. "ಕೆಂಪು ಬಸ್ಸು ಸ್ವಾಮಿ" ಅಂದರೆ ಯಾರು ಹುಡುಕ್ತಾರೆ? ಕೆಂಪು ಬಸ್ಸು ನೂರಾರು.

ಬಸ್ಸಿನಲ್ಲಿ ಯಾರಾದರೂ ಬಿಟ್ಟುಹೋದ ಸಾಮಾನು ಸಿಕ್ಕರೆ ಕಂಡಕ್ಟರು ಅದನ್ನು ಡಿಪೋಗೆ ಒಪ್ಪಿಸಬೇಕು. ಆದ್ದರಿಂದ ಮರುದಿನವೂ ಡಿಪೋಗೆ ಹೋಗಿ ಕೇಳಿ. ಚೀಲದ ಬಣ್ಣ, ಒಳಗೆ ಏನೇನು ಇತ್ತು, ಎಷ್ಟು ದುಡ್ಡು ಇತ್ತು, ಎಲ್ಲ ಸರಿಯಾಗಿ ಹೇಳಿ. ಸರಿಯಾಗಿ ಹೇಳಿದವರಿಗೇ ಸಾಮಾನು ಕೊಡೋದು.

ರೈಲಿನಲ್ಲಿ ಕಳೆದರೆ 139ಕ್ಕೆ ಫೋನ್ ಮಾಡಿ. ಕಳೆದ ಸಾಮಾನನ್ನು ವಾರಸುದಾರರಿಗೆ ಮುಟ್ಟಿಸೋಕೆ ರೈಲ್ವೆ ರಕ್ಷಣಾ ಪಡೆಯವರು ಒಂದು ಕೆಲಸ ಇಟ್ಟುಕೊಂಡಿದ್ದಾರೆ. ಅದರ ಹೆಸರು 'ಆಪರೇಷನ್ ಅಮಾನತ್'. ನಾವು ಅಮಾನತ್ತು ಅಂದರೆ ನೌಕರರನ್ನು ಕೆಲಸದಿಂದ ನಿಲ್ಲಿಸೋದು ಅಂತೀವಿ. ಇಲ್ಲಿ ಅದಲ್ಲ. ನಂಬಿ ಒಪ್ಪಿಸಿದ ಸೊತ್ತು ಅಂತ ಅರ್ಥ.

ಫೋನು ಹೋದರೆ ಕಾಯಬೇಡಿ. ಈಗ ಫೋನಿನಲ್ಲೇ ಬ್ಯಾಂಕು ಇದೆ. ಬೇರೆಯವರ ಫೋನಿನಿಂದ ಮೊದಲು ಬ್ಯಾಂಕಿಗೆ ಹೇಳಿ. ಎ.ಟಿ.ಎಂ. ಕಾರ್ಡು ಹೋಗಿದ್ದರೂ ಹಾಗೇ, ಅದನ್ನು ನಿಲ್ಲಿಸಲು ಹೇಳಿ. ಆಮೇಲೆ ಸಿಮ್ ಕಂಪನಿಗೆ ಹೇಳಿ ಸಿಮ್ ನಿಲ್ಲಿಸಿ. ಖಾತೆಯಿಂದ ಯಾರಾದರೂ ಮೋಸದಿಂದ ದುಡ್ಡು ತೆಗೆದಿದ್ದರೆ 1930ಕ್ಕೆ ಫೋನ್ ಮಾಡಿ. ಪೊಲೀಸರಿಗೆ ದೂರು ಕೊಟ್ಟ ಮೇಲೆ, ಆ 15 ಅಂಕಿಯಿಂದ ಫೋನನ್ನೇ ಕಟ್ಟಿಹಾಕಬಹುದು. ಬೇರೆ ಸಿಮ್ ಹಾಕಿದರೂ ಅದು ನಡೆಯೋದಿಲ್ಲ. ಈ ಏರ್ಪಾಡು 2023ರಿಂದ ದೇಶಕ್ಕೆಲ್ಲ ಇದೆ. ಅದಕ್ಕೆ 'ಸಂಚಾರ ಸಾಥಿ' ಅಂತ ಹೆಸರು. ಓದಿದ ಮಕ್ಕಳ ಕೈಲಿ ಮಾಡಿಸಿ. ಆಧಾರ್ ಕಾರ್ಡು ಹೋದರೆ 1947ಕ್ಕೆ ಕೇಳಿ. ಕಾರ್ಡು ಹೋದರೂ ನಂಬರು ಹೋಗೋದಿಲ್ಲ. ಅದೇ ನಂಬರಿನ ಕಾರ್ಡು ಮತ್ತೆ ಸಿಗುತ್ತೆ.

ಕಳುವಾಗಿದೆ ಅನ್ನಿಸಿದರೆ ಪೊಲೀಸ್ ಠಾಣೆಗೆ ಹೋಗಿ. "ಇದು ನಮ್ಮ ಠಾಣೆಗೆ ಸೇರೋದಿಲ್ಲ" ಅಂತ ವಾಪಸ್ಸು ಕಳಿಸುವ ಹಾಗಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನು ಇದನ್ನು ಸ್ಪಷ್ಟವಾಗಿ ಹೇಳುತ್ತೆ. ದೂರು ದಾಖಲಾದ ಮೇಲೆ ಅದರ ಪ್ರತಿಯನ್ನು ದುಡ್ಡಿಲ್ಲದೆ ಕೊಡಬೇಕು. ಕೇಳಿ ಪಡೆಯಿರಿ. ಬ್ಯಾಂಕಿನವರೂ ಅದನ್ನು ಕೇಳಬಹುದು.

ದೂರನ್ನು ನೀವೇ ಬರೆಯಬಹುದು. ಹೀಗೆ ಬರೆಯಿರಿ:

"ಠಾಣಾಧಿಕಾರಿಗಳಿಗೆ ನಮಸ್ಕಾರ. ನಾನು ನಂಜನಗೂಡು ತಾಲ್ಲೂಕು ಹೆಡತಲೆ ಗ್ರಾಮದಲ್ಲಿ ವಾಸವಾಗಿದ್ದೇನೆ. ಇಂಥ ತಾರೀಖು, ಇಷ್ಟು ಗಂಟೆಗೆ, ಇಲ್ಲಿಂದ ಇಲ್ಲಿಗೆ ಬರುವ ಬಸ್ಸಿನಲ್ಲಿ ನನ್ನ ಚೀಲ ಕಳೆದುಹೋಗಿದೆ. ಬಸ್ಸಿನ ನಂಬರು ಇದು. ಚೀಲದ ಬಣ್ಣ ಇದು. ಅದರಲ್ಲಿ ಇಷ್ಟು ರೂಪಾಯಿ, ಇಂತಿಂಥ ಕಾರ್ಡುಗಳು ಇದ್ದವು. ಹುಡುಕಿಸಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ."

ಕೆಳಗೆ ನಿಮ್ಮ ಸಹಿ. ಹೆಬ್ಬೆಟ್ಟು ಬೇಡ.

ಒಂದು ವಿಷಯ ಗಮನಿಸಿ. ಈ ದೂರಿನಲ್ಲಿ ಯಾರ ಮೇಲೂ ಆರೋಪ ಇಲ್ಲ. ಕಣ್ಣಾರೆ ಕಂಡಿದ್ದರೆ ಮಾತ್ರ ಹೆಸರು ಬರೆಯಿರಿ. "ಪಕ್ಕದಲ್ಲಿ ಕೂತಿದ್ದ" ಅನ್ನೋದು ಕದ್ದದ್ದಕ್ಕೆ ಸಾಕ್ಷಿ ಆಗೋದಿಲ್ಲ.

ಮೂರನೆಯ ಮಾತು: ನಮಗೆ ಸಿಕ್ಕರೆ

ದಾರಿಯಲ್ಲಿ ಒಂದು ಚೀಲ ಸಿಕ್ಕಿತು ಅನ್ನಿ. "ನಾನೇನು ಕದ್ದಿಲ್ಲ, ಬಿದ್ದಿತ್ತು, ಎತ್ತಿಕೊಂಡೆ" ಅಂತಾರೆ ಕೆಲವರು. ಎತ್ತಿಕೊಳ್ಳೋದು ತಪ್ಪಲ್ಲ. ಕಾಪಾಡಿ, ಯಜಮಾನರಿಗೆ ಕೊಡೋಣ ಅಂತ ಎತ್ತಿದರೆ ಅದು ಒಳ್ಳೇದೇ. ಆದರೆ ಯಾರದು ಅಂತ ಗೊತ್ತಿದ್ದೂ, ತಿಳಿಯೋಕೆ ದಾರಿ ಇದ್ದೂ ನಮ್ಮದೇ ಮಾಡಿಕೊಂಡರೆ ಅದು ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮಿನಲ್ಲಿ ಅದಕ್ಕೆ 6 ತಿಂಗಳಿಂದ 2 ವರ್ಷದವರೆಗೆ ಸಜೆ, ಜೊತೆಗೆ ದಂಡ ಇದೆ. 1872ರ ಕರಾರು ಕಾನೂನು ಕೂಡ ಹೇಳುತ್ತೆ, ಸಿಕ್ಕಿದ ಸಾಮಾನನ್ನು ಇಟ್ಟುಕೊಂಡವರು ನಂಬಿಕೆಗೆ ಒಪ್ಪಿಸಿದ ಸಾಮಾನಿನ ಹಾಗೆ ಅದನ್ನು ಜೋಪಾನ ಮಾಡಬೇಕು ಅಂತ. ಅದನ್ನು ಹುಡುಕಿಕೊಟ್ಟವರಿಗೆ ಬಹುಮಾನ ಅಂತ ಯಜಮಾನರು ಸಾರಿದ್ದರೆ, ಆ ಬಹುಮಾನ ಕೇಳುವ ಹಕ್ಕೂ ಸಿಕ್ಕವರಿಗೆ ಇದೆ.

ಹಾಗಾದರೆ ಏನು ಮಾಡಬೇಕು? ಬಸ್ಸಿನಲ್ಲಿ ಸಿಕ್ಕರೆ ಕಂಡಕ್ಟರಿಗೆ ಕೊಡಿ. ನಾಲ್ಕು ಜನರ ಮುಂದೆ ಕೊಡಿ. ಜಾತ್ರೆಯಲ್ಲಿ ಸಿಕ್ಕರೆ ಅಲ್ಲಿರುವ ಪೊಲೀಸರಿಗೆ ಕೊಡಿ. ಯಾರೂ ಇಲ್ಲದ ಚೀಲ ಅಥವಾ ಪೆಟ್ಟಿಗೆ ಅನುಮಾನ ಬರುವ ಹಾಗೆ ಇದ್ದರೆ ಮುಟ್ಟಬೇಡಿ. ಕಂಡಕ್ಟರಿಗೆ ಹೇಳಿ, ಇಲ್ಲವೇ 112ಕ್ಕೆ ಫೋನ್ ಮಾಡಿ. "ಇದು ನನ್ನದೇ" ಅಂತ ಯಾರಾದರೂ ಓಡಿಬಂದರೆ ಕೂಡಲೇ ಕೊಡಬೇಡಿ. ಒಳಗೆ ಏನಿದೆ ಅಂತ ಕೇಳಿ. ಕಳೆದುಕೊಂಡವರಿಗೆ ಅದು ಗೊತ್ತಿರುತ್ತೆ.

ಆ ತಾಯಿಯ ಚೀಲವನ್ನೇ ನೆನೆಯಿರಿ. ಸಿಕ್ಕವರಿಗೆ ಅದು 2,000 ರೂಪಾಯಿ. ಆಕೆಗೆ ಅದು ಎಷ್ಟೋ ದಿನದ ಕೂಲಿ, ಸಂಘದ ಹತ್ತು ಹೆಂಗಸರ ಎದುರು ಉಳಿಸಿಕೊಂಡ ಮಾತು. ಚೀಲದ ಜೊತೆಗೆ ಕೂಲಿ ಹುಡುಗನ ಹೆಸರೂ ಸಿಕ್ಕಿಕೊಂಡಿತ್ತು. ಚೀಲ ವಾಪಸ್ಸು ಕೊಟ್ಟವರು ಇಬ್ಬರನ್ನು ಉಳಿಸಿದ ಹಾಗೆ.

ಈಗ ಒಂದು ಕೆಲಸ ಮಾಡೋಣ. ಎಲ್ಲರೂ ಒಂದೊಂದು ಸಣ್ಣ ಚೀಟಿ ತಗೊಳ್ಳಿ. ಹೆಸರು ಬರೆಯಿರಿ. ಕೆಳಗೆ ಹೆಡತಲೆ ಅಂತ ಬರೆಯಿರಿ. ಅದರ ಕೆಳಗೆ ಫೋನ್ ನಂಬರು. ಬರೆದದ್ದನ್ನು ಪಕ್ಕದವರು ಓದಲಿ. ತಪ್ಪಿದ್ದರೆ ತಿದ್ದಿಕೊಳ್ಳಿ. ನಾಳೆ ಬೆಳಿಗ್ಗೆ ಬಸ್ಸು ಹತ್ತುವವರು ಯಾರಿದ್ದೀರಿ? ಕೈ ಎತ್ತಿ. ನೀವು ಮೊದಲು ಚೀಲಕ್ಕೆ ಹಾಕಿಕೊಳ್ಳಿ.