ಬಾಲಮಂದಿರಕ್ಕೆ ಮುಂಚೆ ಆಯಿಯ ಮನೆ

(ಸುಲೇಪೇಟದಲ್ಲಿ ಗಿರಣಿ ಕಾರ್ಮಿಕರೂ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ತೊಗರಿಯ ರಾಶಿ ಮುಗಿದ ಮೇಲೆ ನಮ್ಮ ಸೀಮೆಯ ಹಳ್ಳಿಗಳಲ್ಲಿ, ತಾಂಡಾಗಳಲ್ಲಿ ಏನಾಗುತ್ತದೆಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಹೊಲದ ಕೆಲಸ ತೀರುತ್ತದೆ. ಗಂಡ ಹೆಂಡಿರು ಗಂಟು ಕಟ್ಟುತ್ತಾರೆ. ವಾಡಿ ಜಂಕ್ಷನ್ನಿಗೆ ಬಂದು ಕೆಲವರು ಮುಂಬಯಿ, ಪುಣೆಯ ಗಾಡಿ ಹತ್ತುತ್ತಾರೆ. ಕೆಲವರು ಸೇಡಂ, ತಾಂಡೂರಿನ ಹಾದಿಯಾಗಿ ಹೈದರಾಬಾದಿಗೆ ಹೋಗುತ್ತಾರೆ. ಇದಕ್ಕೆ ನಾವು ಗುಳೆ ಎನ್ನುತ್ತೇವೆ. ಹಾಲು ಕುಡಿಯುವ ಕೂಸು ತಾಯಿಯ ಕಂಕುಳಲ್ಲಿ ಹೋಗುತ್ತದೆ. ಶಾಲೆಗೆ ಹೋಗುವ ಮಕ್ಕಳು ಆಯಿ, ಮುತ್ಯಾನ ಬಳಿ ಉಳಿಯುತ್ತಾರೆ.

ಈ ಏರ್ಪಾಡನ್ನು ಯಾವ ಸರಕಾರವೂ ಮಾಡಿಕೊಟ್ಟದ್ದಲ್ಲ. ಬಡವರು ತಾವೇ ಕಟ್ಟಿಕೊಂಡದ್ದು. ತಂದೆ ಸತ್ತರೆ ಸೋದರಮಾವ, ತಾಯಿ ಸತ್ತರೆ ಚಿಗವ್ವ, ಇಬ್ಬರೂ ಹೋದರೆ ಆಯಿ. ಸಾಕುವವರಿಗೆ ಸಂಬಳವಿಲ್ಲ, ಸನ್ಮಾನವಿಲ್ಲ. ಆದರೆ ಎಂಥ ಗಟ್ಟಿ ಕಂಬಕ್ಕೂ ತಾಳುವ ಮಿತಿಯೊಂದಿರುತ್ತದೆ. ಮುಪ್ಪಿನ ಆಯಿ ತನ್ನ ಮುದಿವೇತನದಲ್ಲಿ ಮೂರು ಮಕ್ಕಳಿಗೆ ಎಷ್ಟು ದಿನ ರೊಟ್ಟಿ ಬಡಿದಾಳು? ತನ್ನ ನಾಲ್ಕು ಮಕ್ಕಳನ್ನೇ ಸಾಕಲಾರದ ಹಮಾಲ, ತಂಗಿಯ ಇಬ್ಬರು ಮಕ್ಕಳನ್ನು ಎಷ್ಟು ದಿನ ಸಾಕಿಯಾನು?

ಆಗ ಊರಿನ ದೊಡ್ಡವರೊಬ್ಬರು ಬಂದು ಸಲಹೆ ಕೊಡುತ್ತಾರೆ: "ಮಕ್ಕಳನ್ನು ಆಶ್ರಮಕ್ಕೆ ಹಾಕಿರಿ, ಅಲ್ಲಿ ಹೊಟ್ಟೆ ತುಂಬ ಊಟವಾದರೂ ಸಿಗುತ್ತದೆ." ಹೇಳುವವರ ಮನಸ್ಸು ಕೆಟ್ಟದ್ದಲ್ಲ. ಆದರೆ ಸಂಗಾತಿಗಳೇ, ಆ ಮಗುವಿಗೆ ಇಲ್ಲದಿರುವುದು ಏನು? ಅದಕ್ಕೆ ಆಯಿ ಇದ್ದಾಳೆ, ಮಾವ ಇದ್ದಾನೆ, ಓಣಿ ಇದೆ, ತನ್ನ ಮಾತು ಆಡುವ ಜನ ಇದ್ದಾರೆ. ಇಲ್ಲದಿರುವುದು ಜೋಳ, ಅಂಗಿ, ಪುಸ್ತಕ. ಜೋಳ ಇಲ್ಲವೆಂದು ಆಯಿಯನ್ನೇ ಕಸಿದುಕೊಳ್ಳುವುದು ಯಾವ ನ್ಯಾಯ?

ಇದು ಒಂದೆರಡು ಮನೆಗಳ ಕಥೆಯಲ್ಲ. ಕೇಂದ್ರ ಸರಕಾರವೇ ೨೦೧೬-೧೭ರಲ್ಲಿ ದೇಶದ ಮಕ್ಕಳ ಪಾಲನಾ ಗೃಹಗಳ ಲೆಕ್ಕ ತೆಗೆಸಿ, ೨೦೧೮ರಲ್ಲಿ ವರದಿ ಹೊರಡಿಸಿತು. ೯,೫೮೯ ಗೃಹಗಳು, ಅವುಗಳಲ್ಲಿ ಪಾಲನೆ ಬೇಕಾದ ಮಕ್ಕಳು ಸುಮಾರು ೩ ಲಕ್ಷ ೭೦ ಸಾವಿರ. ತಂದೆ ತಾಯಿ ಇಬ್ಬರೂ ಇಲ್ಲದವರು ಸುಮಾರು ೪೨ ಸಾವಿರ ಮಾತ್ರ. ತಂದೆಯೋ ತಾಯಿಯೋ ಒಬ್ಬರು ಉಳಿದ ಮಕ್ಕಳೇ ಸುಮಾರು ೧ ಲಕ್ಷ ೨೦ ಸಾವಿರ. ನಾವು ಅನಾಥಾಲಯವೆಂದು ಕರೆಯುವ ಕಟ್ಟಡಗಳಲ್ಲಿ ಅನಾಥರಿಗಿಂತ ಬಡವರ ಮಕ್ಕಳೇ ಹೆಚ್ಚಾಗಿದ್ದಾರೆಂಬುದು ಇದರ ಅರ್ಥ.

ಇದಕ್ಕೆ ಏನು ಪರಿಹಾರ ಮಾಡಿದರು, ಕೇಳಿರಿ. ೨೦೨೦ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು ಎಂಟು ರಾಜ್ಯಗಳಿಗೆ ಪತ್ರ ಬರೆದು, ಗೃಹಗಳಲ್ಲಿರುವ ಮಕ್ಕಳನ್ನು ನೂರು ದಿನಗಳೊಳಗೆ ಮನೆಗೆ ಮರಳಿಸಬೇಕೆಂದಿತು. ಕರ್ನಾಟಕವೂ ಅವುಗಳಲ್ಲಿ ಒಂದು. ಆ ಎಂಟು ರಾಜ್ಯಗಳಲ್ಲಿದ್ದ ಮಕ್ಕಳು ೧ ಲಕ್ಷ ೮೪ ಸಾವಿರ. ಮಗು ಮನೆಯಲ್ಲಿ ಬೆಳೆಯಬೇಕೆಂಬ ಮಾತು ಸರಿಯಾದದ್ದೇ. ಆದರೆ ಅದು ಕೊರೊನಾದ ಕಾಲ. ನಗರಕ್ಕೆ ದುಡಿಯಲು ಹೋದವರು ಕೆಲಸ ಕಳೆದುಕೊಂಡು ಬರಿಗೈಯಲ್ಲಿ ಬಂದಿದ್ದ ಕಾಲ. ಮಗುವನ್ನು ಮನೆಯಿಂದ ಹೊರಗೆ ಕಳಿಸಿದ್ದು ಬಡತನ. ಆ ಬಡತನ ಹಾಗೆಯೇ ಕುಳಿತಿರುವಾಗ ಮಗುವನ್ನಷ್ಟೇ ಹಿಂದಕ್ಕೆ ಕಳಿಸಿದರೆ ಅದು ಎಷ್ಟು ದಿನ ಉಳಿದೀತು? ಮಗುವಿನ ಜೊತೆಗೆ ಮಗುವಿನ ಪಾಲಿನ ಹಣವೂ ಮನೆಗೆ ಬರಬೇಕು. ನನ್ನ ಇಂದಿನ ಮಾತಿನ ತಿರುಳು ಇಷ್ಟೇ.

ಇದು ಹೊಸ ವಿಚಾರವೂ ಅಲ್ಲ. ೧೯೦೯ರಷ್ಟು ಹಿಂದೆ, ಬಂಡವಾಳಶಾಹಿಯ ತವರಾದ ಅಮೇರಿಕದಲ್ಲಿಯೇ, ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕರೆದ ಸಮ್ಮೇಳನವು, ಬಡತನ ಒಂದೇ ಕಾರಣಕ್ಕಾಗಿ ಮಗುವನ್ನು ಮನೆಯಿಂದ ಅಗಲಿಸಕೂಡದೆಂದು ತೀರ್ಮಾನಿಸಿತು. ಎರಡು ವರ್ಷಗಳಲ್ಲಿ, ೧೯೧೧ರಲ್ಲಿ, ಇಲಿನಾಯ್ ರಾಜ್ಯ ತಾಯಂದಿರಿಗೆ ವೇತನ ಕೊಡುವ ಕಾಯ್ದೆ ಮಾಡಿತು. ೨೦೦೯ರಲ್ಲಿ ವಿಶ್ವಸಂಸ್ಥೆಯೂ ಇದೇ ಮಾತನ್ನು ಎಲ್ಲ ದೇಶಗಳಿಗೂ ಹೇಳಿತು.

ಈ ಮಾತನ್ನು ಮರೆತರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಗಡಿಯಾಚೆಯ ತೆಲಂಗಾಣದ ಲಂಬಾಣಿ ತಾಂಡಾಗಳಿಂದ ಹೆಣ್ಣು ಕೂಸುಗಳನ್ನು ಅಷ್ಟಿಷ್ಟು ಹಣಕ್ಕೆ ಪಡೆದು, ದತ್ತಕದ ಹೆಸರಿನಲ್ಲಿ ಪರದೇಶಗಳಿಗೆ ಕಳಿಸುತ್ತಿದ್ದ ದಂಧೆ ೧೯೯೯ರಲ್ಲಿಯೂ ೨೦೦೧ರಲ್ಲಿಯೂ ಹೈದರಾಬಾದಿನಲ್ಲಿ ಬಯಲಿಗೆ ಬಂತು. ಬಡತನದ ಕಾರಣಕ್ಕೆ ಹೆತ್ತವರು ಮಗುವನ್ನು ಒಪ್ಪಿಸಿಬಿಡುವುದನ್ನು ಆಗಿನ ಆಂಧ್ರ ಸರಕಾರ ೨೦೦೧ರಲ್ಲಿ ನಿಷೇಧಿಸಿತು. ಒಳ್ಳೆಯದಾಯಿತು. ಆದರೆ ನಿಷೇಧ ಒಂದು ಬಾಗಿಲನ್ನು ಮುಚ್ಚೀತೇ ಹೊರತು ತಾಯಿಯ ಹಿಟ್ಟಿನ ಡಬ್ಬಿಯನ್ನು ತುಂಬಲಾರದು.

ಇನ್ನು ನಮ್ಮ ಕಾಯ್ದೆ ಏನು ಹೇಳುತ್ತದೆ? ೨೦೧೫ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಗುವಿನ ಮೊದಲ ಹೊಣೆ ಕುಟುಂಬದ್ದು. ಸಂಸ್ಥೆಗೆ ಸೇರಿಸುವುದು ಬೇರೆ ದಾರಿಯೇ ಇಲ್ಲದಾಗಿನ ಕಡೆಯ ಉಪಾಯ. ಪರರ ಮನೆಯಲ್ಲಿ ಮಗುವನ್ನಿಟ್ಟು ಸಾಕುವ ಪೋಷಕತ್ವಕ್ಕೆ ಅದರ ೪೪ನೆಯ ಕಲಮಿನಲ್ಲಿ ಅವಕಾಶವಿದೆ. ಮಗುವನ್ನು ಸ್ವಂತದವರ ಮನೆಯಲ್ಲಿಯೇ ಉಳಿಸಿ ಹಣದ ನೆರವು ಕೊಡುವುದು ೪೫ನೆಯ ಕಲಮು. ಇದಕ್ಕೆ ಪ್ರಾಯೋಜಕತ್ವ ಎಂಬ, ನಮ್ಮ ಬಾಯಿ ತಿರುಗದ ಹೆಸರಿಟ್ಟಿದ್ದಾರೆ. ಹೆಸರು ಕಠಿಣವಾದರೂ ನೆನಪಿಡಿರಿ, ಏಕೆಂದರೆ ಕಚೇರಿಯಲ್ಲಿ ಈ ಹೆಸರನ್ನೇ ಕೇಳಬೇಕು. ೨೦೨೨ರ ಮಿಷನ್ ವಾತ್ಸಲ್ಯ ಮಾರ್ಗಸೂಚಿಯಂತೆ ಇದರಲ್ಲಿ ಒಂದು ಮಗುವಿಗೆ ತಿಂಗಳಿಗೆ ೪,೦೦೦ ರೂಪಾಯಿ. ವಿಧವೆಯ ಮಕ್ಕಳು, ಗಂಡ ಬಿಟ್ಟುಹೋದವಳ ಮಕ್ಕಳು, ತಂದೆ ತಾಯಿ ಇಲ್ಲದೆ ಬಂಧುಗಳ ಮನೆಯಲ್ಲಿರುವವರು, ಹೆತ್ತವರು ಮಾರಕ ರೋಗಕ್ಕೆ ತುತ್ತಾದವರು, ಅಪಘಾತದಲ್ಲಿ ಕೈಕಾಲು ಕಳೆದುಕೊಂಡು ದುಡಿಯಲಾರದವರ ಮಕ್ಕಳು, ಇವರೆಲ್ಲ ಇದಕ್ಕೆ ಬಾಧ್ಯರು.

ಕಾಯ್ದೆ ಚೆನ್ನಾಗಿದೆ. ಕೊರತೆ ಎಲ್ಲಿದೆ? ಮೊದಲನೆಯದು ವರಮಾನದ ಮಿತಿ. ಹಳ್ಳಿಯಲ್ಲಿ ಕುಟುಂಬದ ವರ್ಷದ ವರಮಾನ ೭೨,೦೦೦ ರೂಪಾಯಿ ಮೀರಕೂಡದು. ಪಟ್ಟಣದಲ್ಲಿ ೯೬,೦೦೦ ಮೀರಕೂಡದು. ಒಬ್ಬ ಹಮಾಲನ ಕೂಲಿ ದಿನಕ್ಕೆ ೩೦೦ ರೂಪಾಯಿ, ತಿಂಗಳಿಗೆ ೨೫ ದಿನ ಕೆಲಸ ಎಂದು ಹಿಡಿಯಿರಿ. ವರ್ಷಕ್ಕೆ ೯೦,೦೦೦ ಆಯಿತು. ಅಣ್ಣನ ಮಕ್ಕಳನ್ನು ಸಾಕುವ ಆ ಮನುಷ್ಯ ಕಲಬುರಗಿಯಲ್ಲಿದ್ದರೆ ಬಡವ, ಸುಲೇಪೇಟದಲ್ಲಿದ್ದರೆ ಸಾಹುಕಾರ! ಅಂಗಡಿಯ ಎಣ್ಣೆ ಬೇಳೆಗೆ ಹಳ್ಳಿಯ ದರ, ಪೇಟೆಯ ದರ ಎಂದು ಎರಡು ಬೆಲೆ ಇದೆಯೇ? ಮಿತಿ ಏರಬೇಕು, ಬಂಧುಗಳ ಮಕ್ಕಳನ್ನು ಸಾಕುವವರಿಗೆ ಆ ಮಿತಿಯೇ ಇರಬಾರದು. ಇದು ನಮ್ಮ ಬೇಡಿಕೆ.

ಎರಡನೆಯದು ಕಾಗದ. ಪುಣೆಯಲ್ಲಿ ಕಟ್ಟಡದ ಮೇಲಿಂದ ಬಿದ್ದು ಒಬ್ಬ ಸತ್ತರೆ ಮರಣ ದಾಖಲಾಗುವುದು ಪುಣೆಯಲ್ಲಿ. ಹೆಂಡತಿ ದುಃಖದಲ್ಲಿ ಊರಿಗೆ ಬರುತ್ತಾಳೆ, ಪ್ರಮಾಣಪತ್ರ ಅಲ್ಲೇ ಉಳಿಯುತ್ತದೆ. ಆ ಕಾಗದವಿಲ್ಲದೆ ವಿಧವಾ ವೇತನವಿಲ್ಲ, ಮಕ್ಕಳ ನೆರವೂ ಇಲ್ಲ. ಮರಣವನ್ನು ೨೧ ದಿನಗಳೊಳಗೆ ಬರೆಸಬೇಕು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ಮೂರನೆಯದು ದೂರ. ಮಕ್ಕಳ ರಕ್ಷಣಾ ಘಟಕ ಇರುವುದು ಜಿಲ್ಲೆಯ ಕೇಂದ್ರದಲ್ಲಿ. ಅಲ್ಲಿಗೆ ಹೋಗಿ ಬಂದರೆ ಆಯಿಯ ಒಂದು ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚು ಬೇರೆ.

"ಹಣ ಕೊಟ್ಟರೆ ಮಾವ ಕುಡಿದು ಹಾಳು ಮಾಡುತ್ತಾನೆ" ಎಂದು ಕೆಲವರು ಆಕ್ಷೇಪಿಸುತ್ತಾರೆ. ಕುಡಿಯುವವರು ಇಲ್ಲವೆಂದು ನಾನು ಹೇಳುವುದಿಲ್ಲ. ಅದಕ್ಕೆಂದೇ ಹಣ ಮಗುವಿನ ಖಾತೆಗೆ ಬರಬೇಕು, ಮಗು ಶಾಲೆಗೆ ಹೋಗುತ್ತಿದೆಯೇ ಎಂದು ನೋಡುತ್ತಿರಬೇಕು. ಮಗುವನ್ನು ಹೊಡೆದು ಹಿಂಸಿಸುವ, ದುಡಿಮೆಗೆ ಮಾರುವ ಮನೆಗಳೂ ಇವೆ. ಅಂಥ ಮನೆಯಿಂದ ಮಗುವನ್ನು ತಡಮಾಡದೆ ಬಿಡಿಸಬೇಕು. ೧೦೯೮ಕ್ಕೆ ಫೋನು ಮಾಡಬೇಕು. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ನಿಲ್ಲಿಸಬೇಕು. ಬಾಲಮಂದಿರ, ಪೋಷಕತ್ವ ಇರುವುದು ಇಂಥ ಮಕ್ಕಳಿಗಾಗಿ. ಕ್ರೌರ್ಯಕ್ಕೆ ಇಟ್ಟ ಮದ್ದನ್ನು ಹಸಿವಿಗೆ ಕುಡಿಸಬಾರದು.

ಸರಕಾರವನ್ನು ಬೈದು ಮನೆಗೆ ಹೋಗಲು ನಾವು ಇಲ್ಲಿ ಸೇರಿಲ್ಲ. ನಮ್ಮ ಕೈಯಲ್ಲಿ ಆಗುವುದೇನು?

ಸಣ್ಣ ಅಂಗಡಿಯವರೇ, ಒಂದು ಮನೆ ಮುಳುಗುತ್ತಿದೆಯೆಂದು ಊರಿನಲ್ಲಿ ಮೊದಲು ತಿಳಿಯುವುದು ನಿಮಗೆ. ಅಧಿಕಾರಿಯ ಕಡತಕ್ಕೆ ಬರುವುದಕ್ಕೆ ಆರು ತಿಂಗಳು ಮುಂಚೆ ಅದು ನಿಮ್ಮ ಉದ್ರಿ ಪುಸ್ತಕದಲ್ಲಿ ಬರೆದಿರುತ್ತದೆ. ಮೊಮ್ಮಕ್ಕಳಿಗೆಂದು ಆಯಿ ಅಕ್ಕಿ ಬೆಲ್ಲ ಉದ್ರಿ ಕೇಳಲು ಬಂದಳೆಂದರೆ, ಆ ಸುದ್ದಿಯನ್ನು ಅಂದೇ ಸಂಘದವರಿಗೆ, ಅಂಗನವಾಡಿಯ ಅಕ್ಕನಿಗೆ ಮುಟ್ಟಿಸಿರಿ.

ದಾಲ್ ಮಿಲ್ಲಿನ, ಸಿಮೆಂಟಿನ, ಫರಸಿ ಖಣಿಯ ಸಂಗಾತಿಗಳೇ, ನಿಮ್ಮಲ್ಲಿ ಓದು ಬಲ್ಲ ಹುಡುಗರಿದ್ದಾರೆ. ಜೊತೆಗಾರನೊಬ್ಬ ಸತ್ತರೆ ನಾವು ಪಟ್ಟಿ ಎತ್ತಿ ಮಣ್ಣು ಮಾಡುತ್ತೇವೆ. ಅಲ್ಲಿಗೆ ನಿಲ್ಲಿಸಬೇಡಿರಿ. ಮರಣಪತ್ರ, ರೇಶನ್ ಕಾರ್ಡು, ಆಧಾರ, ಶಾಲೆಯ ದಾಖಲೆ, ವರಮಾನದ ಪತ್ರ, ಬ್ಯಾಂಕಿನ ಪಾಸ್‌ಬುಕ್ಕು ಇವನ್ನು ಜೋಡಿಸಿ ಅರ್ಜಿ ಕೊಡುವವರೆಗೂ ಒಬ್ಬರು ಆ ಮನೆಯ ಜೊತೆಗೆ ನಡೆಯಿರಿ. ಹತ್ತು ಮನೆಗಳ ಅರ್ಜಿ ಕೂಡಿಸಿ ಒಬ್ಬನೇ ಕಲಬುರಗಿಗೆ ಹೋದರೆ ಹತ್ತು ಜನ ಮುದುಕಿಯರ ಕೂಲಿ ಉಳಿಯುತ್ತದೆ.

ತಾಯಂದಿರೇ, ಕೂಸನ್ನು ಬಿಡಲು ಜಾಗವಿದ್ದರೆ ಹೆತ್ತವಳು ಊರಿನಲ್ಲೇ ದುಡಿಯಬಲ್ಲಳು. ೨೦೨೩ರ ಬಜೆಟ್ಟಿನಲ್ಲಿ ೪,೦೦೦ ಗ್ರಾಮ ಪಂಚಾಯತಿಗಳಲ್ಲಿ ಕೂಸಿನ ಮನೆ ತೆರೆಯುವುದಾಗಿ ರಾಜ್ಯ ಸರಕಾರ ಹೇಳಿತು. ನಿಮ್ಮ ಪಂಚಾಯತಿಯಲ್ಲಿ ಅದರ ಬಾಗಿಲು ತೆರೆದಿದೆಯೇ, ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿರಿ. ಬಂಧುಗಳ ಮನೆಯಲ್ಲಿ ಬೆಳೆಯುತ್ತಿರುವ ಮಕ್ಕಳ ಪಟ್ಟಿಯನ್ನು ಪಂಚಾಯತಿ ಬರೆದಿಟ್ಟಿದೆಯೇ, ಅದನ್ನೂ ಕೇಳಿರಿ.

ಆಯಿ ಬೇಡುತ್ತಿರುವುದು ಭಿಕ್ಷೆಯಲ್ಲ. ರಾಜ್ಯ ಮಾಡಬೇಕಾದ ಕೆಲಸವನ್ನು ಅವಳು ಕೂಲಿಯಿಲ್ಲದೆ ಮಾಡುತ್ತಿದ್ದಾಳೆ. ಮುಂದಿನ ಗುಳೆಯ ಗಾಡಿ ಹೊರಡುವುದರೊಳಗೆ ಸುಲೇಪೇಟದ ಓಣಿಗಳಲ್ಲಿ, ಸುತ್ತಲ ತಾಂಡಾಗಳಲ್ಲಿ ಇಂಥ ಮನೆಗಳೆಷ್ಟು ಎಂದು ನಾವೇ ಬರೆದು ತರೋಣ. ಬರುವ ಸಭೆಯಲ್ಲಿ ಭಾಷಣಕ್ಕೆ ಮುಂಚೆ ಆ ಪಟ್ಟಿಯನ್ನು ಓದೋಣ. ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ.